ಸೈಲೆನ್ಸರ್ ಹಿಂದೆ ಕೂತವನು

ಜುಲೈ ಮಳೆಯ ಒಂದು ಬೆಳಿಗ್ಗೆ ನನ್ನ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಇಂಜಿನ್ ಆಕಾರದ ಹಳದಿ ದೀಪ ಹತ್ತಿತು. ಗಾಡಿಯೇನೂ ನಿಲ್ಲಲಿಲ್ಲ. ಸಿಗ್ನಲ್ಲಿನಲ್ಲಿ ನಿಂತಾಗ ಸ್ಟೇರಿಂಗ್ ಸ್ವಲ್ಪ ನಡುಗಿತು, ಅಷ್ಟೆ. ಕೆಲವು ದಿನ ಬಿಟ್ಟು ದೀಪ ತಾನಾಗಿಯೇ ಆರಿತು. ಮುಂದಿನ ಜೋರು ಮಳೆಗೆ ಮತ್ತೆ ಹತ್ತಿತು. ಅಂತೂ ಬಿಡುವು ಮಾಡಿಕೊಂಡು ಸರ್ವೀಸ್ ಸೆಂಟರಿಗೆ ಹೋದ ದಿನ ಒಳ್ಳೆ ಬಿಸಿಲು. ದೀಪವೂ ಇಲ್ಲ, ನಡುಕವೂ ಇಲ್ಲ. ಕೌಂಟರಿನ ಹುಡುಗ ಕೈಲಿದ್ದ ಟ್ಯಾಬಿನಿಂದ ತಲೆ ಎತ್ತದೆಯೇ "ಈಗೇನೂ ಪ್ರಾಬ್ಲಮ್ ಕಾಣ್ತಿಲ್ಲ ಸರ್, ಬಂದಾಗ ತಗೊಂಡ್ ಬನ್ನಿ" ಅಂದ. ಮನೆ ಹತ್ತಿರದ ಗ್ಯಾರೇಜಿನವನು ಇನ್ನೂ ಧಾರಾಳಿ. "ದೀಪ ತಾನೆ ಸಾರ್? ಮತ್ತೆ ಹತ್ತಿದ್ರೆ ಬನ್ನಿ, ಡಿಲೀಟ್ ಮಾಡ್ಕೊಡ್ತೀನಿ."

ಬಂದಾಗ ತಗೊಂಡು ಬನ್ನಿ ಅನ್ನುವ ಮಾತನ್ನು ನಮ್ಮ ಮೇಸ್ತ್ರಿ ಯಾರಿಗೂ ಹೇಳಿದ್ದನ್ನು ನಾನು ಕೇಳಿಲ್ಲ. ಅವರ ಬಳಿ ಬರುತ್ತಿದ್ದ ಗಾಡಿಗಳಲ್ಲಿ ಅರ್ಧಕ್ಕರ್ಧ ಇಂಥವೇ. ಘಾಟಿಯಲ್ಲಿ ಕೈಕೊಟ್ಟು, ಗ್ಯಾರೇಜಿನ ಮುಂದೆ ಬಂದು ನಿಂತೊಡನೆ ಏನೂ ಆಗಿಯೇ ಇಲ್ಲ ಅನ್ನುವ ಹಾಗೆ ಹದವಾಗಿ ಓಡುವ ಗಾಡಿಗಳು.

ಇದು 1980ರ ದಶಕದ ಮೊದಲ ವರ್ಷಗಳ ಮಾತು. ಮಲೆನಾಡಿನ ಒಂದು ತಾಲ್ಲೂಕು ಪಟ್ಟಣ. ಬಸ್‌ಸ್ಟ್ಯಾಂಡು ದಾಟಿ ಘಾಟಿ ಕಡೆ ಹೋಗುವ ರಸ್ತೆಯಲ್ಲಿ, ಅಡಿಕೆ ಮಂಡಿಯ ಗೋಡೆಗೆ ತಾಗಿಕೊಂಡು ಒಂದು ತಗಡಿನ ಶೆಡ್ಡು. ಬಾಗಿಲೂ ತಗಡಿನದೇ. ಪಕ್ಕದಲ್ಲೊಂದು ಕ್ಷೌರದಂಗಡಿ. ನಮ್ಮಪ್ಪ ಅಂಚೆ ಕಚೇರಿಯ ಗುಮಾಸ್ತರು. ಗಣಿತದಲ್ಲಿ ನನ್ನ ಅಂಕ ನೋಡಿ ಭವಿಷ್ಯದ ಬಗ್ಗೆ ಭಯ ಹುಟ್ಟಿ, ಕೈಗೊಂದು ಕಸುಬು ಇರಲಿ ಎಂದು ಹೈಸ್ಕೂಲಿನ ಸಂಜೆಗಳನ್ನೂ ಭಾನುವಾರಗಳನ್ನೂ ಮೇಸ್ತ್ರಿಗೆ ಒಪ್ಪಿಸಿದ್ದರು. ಮೇಸ್ತ್ರಿ ಭದ್ರಾವತಿ ಕಡೆಯಿಂದ ಬಂದವರು, ಮನೆಮಾತು ತಮಿಳು. ಲಾರಿ ವರ್ಕ್‌ಶಾಪುಗಳಲ್ಲಿ ಕಲಿತ ಕೈ. ನನ್ನನ್ನು ಕರೆಯುತ್ತಿದ್ದದ್ದು 'ಪೊಡಿಯ' ಎಂದು. ಅಲ್ಲಿ ನನಗಿಂತ ಎರಡು ವರ್ಷ ದೊಡ್ಡವನಾದ ಇನ್ನೊಬ್ಬ ಹುಡುಗನಿದ್ದ. ಅವನಿಗೆ ಸ್ಕೂಲು ಇರಲಿಲ್ಲ, ಗ್ಯಾರೇಜೇ ಎಲ್ಲ. ನಾನು ಅವನನ್ನು ಅಣ್ಣ ಅನ್ನುತ್ತಿದ್ದೆ, ಈಗಲೂ ಹಾಗೇ ಅನ್ನುತ್ತೇನೆ.

ಟ್ಯಾಕ್ಸಿಯ ಡ್ರೈವರ್ ಬಂದು "ಮೇಸ್ತ್ರೀ, ಮಿಸ್ಸಿಂಗ್ ಹೊಡೀತಿದೆ" ಅಂದರೆ ಮೇಸ್ತ್ರಿ ಬಾನೆಟ್ ಎತ್ತುತ್ತಿರಲಿಲ್ಲ. ಬೀಡಿ ಹಚ್ಚುತ್ತಿದ್ದರು. ಆಮೇಲೆ ವಿಚಾರಣೆ. ಏರುವಾಗಲಾ, ಇಳಿಯುವಾಗಲಾ? ಬೆಳಿಗ್ಗೆ ಮೊದಲ ಸ್ಟಾರ್ಟಿಗಾ, ಬಿಸಿಯಾದ ಮೇಲಾ? ಎಷ್ಟು ಜನ ಕೂತಿದ್ದರು? ಪೆಟ್ರೋಲ್ ಎಲ್ಲಿ ಹಾಕಿಸಿದ್ದು? ಮಳೆ ಬರ್ತಾ ಇತ್ತಾ, ಬಂದು ನಿಂತಿತ್ತಾ? ಆಗುಂಬೆ ಘಾಟಿಯಾದರೆ ಹದಿನಾಲ್ಕು ತಿರುವಿನಲ್ಲಿ ಎಷ್ಟನೆಯದರಲ್ಲಿ ಶುರುವಾಯಿತು ಅನ್ನುವವರೆಗೂ ಕೆದಕುತ್ತಿದ್ದರು. ಅವಸರದ ಡ್ರೈವರುಗಳಿಗೆ ಇದು ಹರಟೆಯಾಗಿ ಕಾಣುತ್ತಿತ್ತು. ನನಗೂ ಹಾಗೇ ಕಂಡಿತ್ತು. ಏರುವಾಗ ಮಾತ್ರ ಎಳೆಯುವುದಿಲ್ಲ ಅಂದರೆ ಪೆಟ್ರೋಲ್ ಸಾಕಾಗುತ್ತಿಲ್ಲ, ಪಂಪೋ ಫಿಲ್ಟರೋ ನೋಡಬೇಕು; ಬಿಸಿಯಾದ ಮೇಲೆ ಮಾತ್ರ ಅಂದರೆ ಕಾಯಿಲು ಅಥವಾ ಕಂಡೆನ್ಸರು; ಮಳೆಯಲ್ಲಿ ಮಾತ್ರ ಅಂದರೆ ಡಿಸ್ಟ್ರಿಬ್ಯೂಟರ್ ಕ್ಯಾಪೋ ಪ್ಲಗ್ ವೈರೋ. ಪಾನಾ ಕೈಗೆ ಬರುವ ಮೊದಲೇ ಅವರ ಕೆಲಸ ಅರ್ಧ ಮುಗಿದಿರುತ್ತಿತ್ತು.

ಆ ಮೇಲೆ "ಪೊಡಿಯಾ, ಹಿಂದೆ ಹೋಗು" ಅನ್ನುತ್ತಿದ್ದರು.

ಹಿಂದೆ ಅಂದರೆ ಸೈಲೆನ್ಸರ್ ಹಿಂದೆ. ಗ್ಯಾರೇಜಿನಲ್ಲಿ ಎಲ್ಲರಿಗಿಂತ ಚಿಕ್ಕವನ ಕೆಲಸ ಅದು. ಕುಕ್ಕರುಗಾಲಲ್ಲಿ ಕೂತು, ಹೊಗೆ ಬರುವ ಕೊಳವೆಯ ಬಾಯಿಗೆ ಒಂದು ಗೇಣು ದೂರದಲ್ಲಿ ಅಂಗೈ ಹಿಡಿಯಬೇಕು. ನಾಲ್ಕು ಸಿಲಿಂಡರೂ ಸರಿಯಾಗಿ ಹೊಡೆಯುತ್ತಿದ್ದರೆ ಅಂಗೈಗೆ ಬಡಿಯುವ ಬಿಸಿಗಾಳಿ ಒಂದೇ ಸಮ. ಒಂದು ಸಿಲಿಂಡರ್ ಸುಮ್ಮನಾದರೆ ನಡುವೆ ಒಂದು ತೆರಪು, ಒಂದು ತಣ್ಣನೆಯ ಉಸಿರು. ಕೆಲವೊಮ್ಮೆ ಕೈಯನ್ನು ಒಳಕ್ಕೆ ಎಳೆದ ಹಾಗೂ ಆಗುತ್ತಿತ್ತು. ತೆರಪು ಸಿಕ್ಕಿದಾಗಲೆಲ್ಲ ನಾನು "ಹಾಂ" ಅನ್ನಬೇಕು. ಮುಂದೆ ಮೇಸ್ತ್ರಿ ಒಂದೊಂದೇ ಪ್ಲಗ್ ವೈರು ಎತ್ತುತ್ತ ನನ್ನ ಹಾಂಕಾರಕ್ಕೆ ಕಿವಿಗೊಡುತ್ತಿದ್ದರು. ಯಾವ ವೈರು ಎತ್ತಿದಾಗ ಹಿಂದೆ ಏನೂ ಬದಲಾಗುವುದಿಲ್ಲವೋ ಆ ಸಿಲಿಂಡರ್ ಮೊದಲೇ ಸತ್ತಿದೆ ಅಂತ ಅರ್ಥ. ಸಂಜೆ ಮನೆಗೆ ಹೋದಾಗ ಬಲಗೈಯ ರೇಖೆಗಳೆಲ್ಲ ಮಸಿಯಲ್ಲಿ ಎದ್ದು ಕಾಣುತ್ತಿದ್ದವು. ಅದನ್ನು ತೊಳೆಯಲು ಗ್ಯಾರೇಜಿನಲ್ಲೇ ಒಂದು ಡಬ್ಬಿಯಲ್ಲಿ ಪೆಟ್ರೋಲ್ ಇಡುತ್ತಿದ್ದರು.

ಊರಿನ ಡಾಕ್ಟರೊಬ್ಬರ ಫಿಯಟ್ ನೆನಪಿದೆ. ಪ್ರೀಮಿಯರ್ ಪದ್ಮಿನಿ ಎಂದು ಹಿಂದೆ ಬರೆದಿದ್ದರೂ ಎಲ್ಲರ ಬಾಯಲ್ಲೂ ಅದು ಫಿಯಟ್ಟೇ. ರಾತ್ರಿ ಮಳೆಯಲ್ಲಿ ಹೆರಿಗೆ ಕೇಸಿಗೆ ಹೊರಟರೆ ಅರ್ಧ ದಾರಿಯಲ್ಲಿ ಕುಂಟುತ್ತಿತ್ತು, ಬೆಳಿಗ್ಗೆ ಗ್ಯಾರೇಜಿಗೆ ಬಂದರೆ ಸರಿ. ಪಾಯಿಂಟಿಗೆ ಉಜ್ಜು ಕಾಗದ ಹಾಕಿದ್ದಾಯಿತು, ಪ್ಲಗ್ ಬದಲಾಯಿಸಿದ್ದಾಯಿತು. ಕೊನೆಗೆ ಒಂದು ರಾತ್ರಿ ಗಾಡಿಯನ್ನು ಶೆಡ್ಡಿನೊಳಗೆ ಹಾಕಿಸಿ, ಬೀದಿ ದೀಪದ ಬೆಳಕು ಬಾರದಂತೆ ತಗಡಿನ ಬಾಗಿಲು ಎಳೆಸಿ, ಒಳಗಿನ ಬಲ್ಬನ್ನೂ ಆರಿಸಿದರು. ಕ್ಷೌರದಂಗಡಿಯಿಂದ ನೀರು ಚಿಮುಕಿಸುವ ಬಾಟಲಿ ತರಿಸಿದ್ದರು. ಇಂಜಿನ್ ಓಡುತ್ತಿತ್ತು. ಕತ್ತಲಲ್ಲಿ ವೈರುಗಳ ಮೇಲೆ ಸಣ್ಣಗೆ ನೀರು ಬಿಟ್ಟರು. ಎರಡನೇ ಪ್ಲಗ್ಗಿನ ವೈರು ಬಾಗುವ ಜಾಗದಲ್ಲಿ ನೀಲಿ ಎಳೆಯೊಂದು ಹೊರಬಂದು, ವೈರಿನ ಮೈಮೇಲೆ ತೆವಳಿ, ಪಕ್ಕದ ಕಬ್ಬಿಣಕ್ಕೆ ಚಿಟಿಚಿಟಿ ಬಡಿಯತೊಡಗಿತು. ಸಿಲಿಂಡರಿನೊಳಗೆ ಹೊಡೆಯಬೇಕಾದ ಕಿಡಿ ಹೊರಗೇ ಖರ್ಚಾಗುತ್ತಿತ್ತು. ಹಿಂದಿನಿಂದ ನಾನು ಹಾಂ ಹಾಂ ಅನ್ನುತ್ತಲೇ ಇದ್ದೆ. ಮೇಸ್ತ್ರಿ ಮಗುವಿನ ಹಾಗೆ ನಕ್ಕರು. ಡಾಕ್ಟರನ್ನು ಆಗಲೇ ಕರೆಸಿ ತೋರಿಸಿದರು.

ಈ ಕಥೆಯನ್ನು ನಾನು ಎಷ್ಟೋ ಜನಕ್ಕೆ ಹೇಳಿದ್ದೇನೆ, ಹೇಳಿ ಹೊಗಳಿಸಿಕೊಂಡಿದ್ದೇನೆ. ಅದರ ಉಳಿದ ಭಾಗವನ್ನು ಮಾತ್ರ ಬಿಟ್ಟು ಹೇಳುತ್ತಿದ್ದೆ. ಅದಕ್ಕೆ ಆಮೇಲೆ ಬರುತ್ತೇನೆ.

ಕಾರಿನ ದೀಪ ಮತ್ತೆ ಹತ್ತಿದಾಗ ಅಣ್ಣನಿಗೆ ಫೋನ್ ಮಾಡಿದೆ. ಅವನದೀಗ ಅದೇ ಊರಿನಲ್ಲಿ ಸ್ವಂತ ಗ್ಯಾರೇಜು, ಕಾಂಕ್ರೀಟ್ ನೆಲ, ಎರಡು ಲಿಫ್ಟು. "ಎಂಥ ಮಾರಾಯ, ಬೆಂಗಳೂರಲ್ಲಿ ಮೆಕ್ಯಾನಿಕ್ ಸಿಗ್ಲಿಲ್ವಾ?" ಅಂದವನು ಮರುಕ್ಷಣವೇ ವಿಚಾರಣೆ ಶುರು ಮಾಡಿದ. "ಮಳೇಲಾ, ಮಳೆ ನಿಂತ ಮೇಲಾ? ದೀಪ ಸುಮ್ನೆ ಹತ್ತಿತ್ತಾ, ಮಿಣುಕ್ತಿತ್ತಾ? ಮಿಣುಕಿದ್ರೆ ಗಾಡಿ ಓಡಿಸ್ಬೇಡ ಮತ್ತೆ." ಮಿಣುಕುವುದು ಅಂದರೆ ಸುಡದ ಪೆಟ್ರೋಲ್ ಹಿಂದಿನ ಕೆಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತಿದೆ ಅಂತ; ಒಳಗಿನ ಜಾಲರಿ ಕರಗಿಹೋಗಬಹುದು, ಅದರಲ್ಲಿರುವುದು ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ, ಹಾಗಾಗಿ ಅದರ ಬೆಲೆ ಕೇಳುವಂತಿಲ್ಲ. ನನ್ನದು ಮಿಣುಕಿರಲಿಲ್ಲ. "ಹಂಗಾದ್ರೆ ಸಣ್ಣ ಸ್ಕ್ಯಾನರ್ ತಗೊಂಡು ಸ್ಟೇರಿಂಗ್ ಕೆಳಗೆ ಚುಚ್ಚು. ಏನೂ ಅಳಿಸ್ಬೇಡ. ಫೋಟೋ ತೆಗ್ದು ಕಳ್ಸು."

ದೀಪ ಯಾಕೆ ಹತ್ತಿ ಆರುತ್ತದೆ ಅನ್ನುವುದನ್ನು ಅವನೇ ಬಿಡಿಸಿ ಹೇಳಿದ. ಗಾಡಿಯ ಕಂಪ್ಯೂಟರ್ ಒಂದು ಸಲ ತಪ್ಪು ಕಂಡೊಡನೆ ಬೊಬ್ಬೆ ಹೊಡೆಯುವುದಿಲ್ಲ. ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತದೆ. ಮುಂದಿನ ಓಟದಲ್ಲೂ ಅದೇ ತಪ್ಪು ಕಂಡರೆ ಸಾಮಾನ್ಯವಾಗಿ ಆಗ ದೀಪ ಹಚ್ಚುತ್ತದೆ. ಆಮೇಲೆ ಸತತ ಮೂರು ಓಟದಲ್ಲಿ ಪರೀಕ್ಷೆ ಮಾಡಿ ತಪ್ಪು ಕಾಣದಿದ್ದರೆ ಆರಿಸುತ್ತದೆ. ಆದರೆ ಬರೆದಿಟ್ಟ ಕೋಡನ್ನು ಒಡನೆಯೇ ಅಳಿಸುವುದಿಲ್ಲ. ಇಂಜಿನ್ ತಣ್ಣಗಾಗಿ ಮತ್ತೆ ಬಿಸಿಯಾಗುವುದು ನಲವತ್ತು ಸಲ ನಡೆಯುವವರೆಗೂ ಅದು ಒಳಗೆ ಇರುತ್ತದೆ. ಅಂದರೆ ಆ ಬಿಸಿಲಿನ ದಿನ ಕೌಂಟರಿನ ಹುಡುಗ ವೈರು ಚುಚ್ಚಿ ನೋಡಿದ್ದರೆ ಸಿಗಬೇಕಾದ್ದು ಅಲ್ಲೇ ಇತ್ತು. ಅವನು ದೀಪ ನೋಡಿದ, ದೀಪ ಇರಲಿಲ್ಲ. ಡಿಲೀಟ್ ಮಾಡಿಕೊಡುತ್ತೇನೆ ಅಂದವನು ಇನ್ನೂ ಅಪಾಯಕಾರಿ: ಅವನು ಅಳಿಸುತ್ತಿದ್ದದ್ದು ದೀಪವನ್ನಲ್ಲ, ನಡೆದದ್ದರ ದಾಖಲೆಯನ್ನು.

ಸ್ಕ್ಯಾನರ್ ತೋರಿಸಿದ್ದು ಪಿ0303. ಮೂರನೇ ಸಿಲಿಂಡರಿನಲ್ಲಿ ಮಿಸ್‌ಫೈರ್. ಇದನ್ನು ಕಂಪ್ಯೂಟರ್ ಕಂಡುಕೊಳ್ಳುವ ಬಗೆ ತಿಳಿದಾಗ ನನಗೆ ನಿಜಕ್ಕೂ ರೋಮಾಂಚನವಾಯಿತು. ಪ್ರತಿ ಸಿಲಿಂಡರ್ ಹೊಡೆದಾಗ ಕ್ರ್ಯಾಂಕ್‌ಶಾಫ್ಟಿಗೆ ಒಂದು ತಳ್ಳು ಬೀಳುತ್ತದೆ, ಒಂದು ತಪ್ಪಿದರೆ ಅದರ ವೇಗ ಕೂದಲೆಳೆಯಷ್ಟು ಕುಗ್ಗುತ್ತದೆ. ಆ ಕುಗ್ಗುವಿಕೆಯನ್ನು ಒಂದು ಸೆನ್ಸರ್ ಸದಾ ಅಳೆಯುತ್ತಿರುತ್ತದೆ. ನನ್ನ ಅಂಗೈ ಹಿಂದಿನ ತುದಿಯಲ್ಲಿ ಹುಡುಕುತ್ತಿದ್ದ ತೆರಪನ್ನು ಅದು ಮುಂದಿನ ತುದಿಯಲ್ಲಿ ಹಿಡಿಯುತ್ತದೆ. (ಕೆಟ್ಟ ರಸ್ತೆಯ ಕುಲುಕಾಟವೂ ಚಕ್ರದಿಂದ ಇಂಜಿನ್ನಿನವರೆಗೆ ಹೋಗಿ ಮಿಸ್‌ಫೈರಿನ ಹಾಗೆ ಕಾಣಬಹುದು, ಅದನ್ನು ಬೇರ್ಪಡಿಸಲು ಕಾರು ತಯಾರಿಸುವವರು ಪ್ರತ್ಯೇಕ ಲೆಕ್ಕ ಹಾಕಿಟ್ಟಿರುತ್ತಾರೆ. ನಮ್ಮ ಬಡಾವಣೆಯ ರಸ್ತೆಗೆ ಆ ಲೆಕ್ಕ ಸಾಕೋ ಇಲ್ಲವೋ.) ಕೋಡಿನ ಜೊತೆ ಇನ್ನೊಂದು ಪುಟವೂ ಇತ್ತು. ತಪ್ಪು ಕಂಡ ಗಳಿಗೆಯಲ್ಲಿ ಗಾಡಿ ಹೇಗಿತ್ತು ಅನ್ನುವ ಚಿತ್ರ: ವೇಗ, ಇಂಜಿನ್ ಸುತ್ತು, ಲೋಡು, ಕೂಲೆಂಟಿನ ಬಿಸಿ 46 ಡಿಗ್ರಿ. ಪೂರ್ತಿ ಬಿಸಿಯಾದ ಇಂಜಿನ್ನಿನ ಕೂಲೆಂಟು ತೊಂಬತ್ತರ ಆಸುಪಾಸು ಇರಬೇಕು. ಅಣ್ಣ ಫೋಟೋ ನೋಡಿ, "ಬೆಳಿಗ್ಗೆ ಮನೆ ಬಿಟ್ಟ ಎರಡೇ ನಿಮಿಷಕ್ಕೆ ಬಂದಿದೆ ನೋಡು. ರಾತ್ರಿ ಮಳೆ. ನೀರು ಇಳಿದಿದೆ" ಅಂದ.

ಮೇಸ್ತ್ರಿ ಬೀಡಿ ಸೇದುತ್ತ ಕೇಳುತ್ತಿದ್ದ ಪ್ರಶ್ನೆಗಳಿಗೆ ಗಾಡಿಯೇ ಉತ್ತರ ಬರೆದಿಟ್ಟಿತ್ತು. ಓದುವವರು ಬೇಕಿತ್ತು.

ಈಗಿನ ಇಂಜಿನ್ನಿನಲ್ಲಿ ಡಿಸ್ಟ್ರಿಬ್ಯೂಟರ್ ಇಲ್ಲ, ಉದ್ದುದ್ದ ವೈರುಗಳೂ ಇಲ್ಲ. ಒಂದೊಂದು ಪ್ಲಗ್ಗಿನ ತಲೆಯ ಮೇಲೂ ಒಂದೊಂದು ಕಾಯಿಲು ಕೂತಿರುತ್ತದೆ. ಅಣ್ಣ ಹೇಳಿದ ಪರೀಕ್ಷೆ ಸುಲಭ: ದಾಖಲೆಯ ಫೋಟೋ ತೆಗೆದಾದ ಮೇಲೆ ಕೋಡು ಅಳಿಸು, ಮೂರನೇ ಕಾಯಿಲನ್ನು ಒಂದಕ್ಕೆ ಹಾಕು, ಒಂದರದ್ದನ್ನು ಮೂರಕ್ಕೆ ಹಾಕು, ಮಳೆಗೆ ಕಾಯಿ. ಕೋಡು ಪಿ0301 ಆದರೆ ಕಾಯಿಲಿನದೇ ತಪ್ಪು, ಪಿ0303 ಆಗಿಯೇ ಉಳಿದರೆ ಪ್ಲಗ್ಗೋ ಇಂಜೆಕ್ಟರೋ. ಕಾದೆ. ಕಾಯುವಾಗ ಬೆಂಗಳೂರಿನ ಮಳೆ ಬರುತ್ತದೆಯೇ? ಅಂತೂ ಒಂದು ರಾತ್ರಿ ಹೊಡೆಯಿತು. ಆಮೇಲೆ ಕೋಡು ಒಂದಕ್ಕೆ ಸರಿಯಿತು. ಕಾಯಿಲು ಕಿತ್ತು ಬೆಳಕಿಗೆ ಹಿಡಿದೆ. ಕೆಳಗಿನ ರಬ್ಬರ್ ಕೊಳವೆಯ ಮೈಮೇಲೆ ಪೆನ್ಸಿಲ್ಲಿನಲ್ಲಿ ಎಳೆದಂತೆ ಒಂದು ಬೂದು ಗೆರೆ, ನಡುವೆ ಎರಡು ಕವಲು. ಉಗುರಿನಿಂದ ಕೆರೆದರೂ ಹೋಗಲಿಲ್ಲ. ಒಳಗಿನ ಸ್ಪ್ರಿಂಗಿನ ತುದಿಗೆ ತುಕ್ಕು. ಈ ಗೆರೆ ನನಗೆ ಗೊತ್ತಿತ್ತು. ಅಂಬಾಸಿಡರ್ ಡಿಸ್ಟ್ರಿಬ್ಯೂಟರ್ ಕ್ಯಾಪಿನ ಒಳಮೈಯಲ್ಲಿ, ಕಿಡಿ ಅಡ್ಡದಾರಿ ಹಿಡಿದು ಸುಟ್ಟ ಜಾಗದಲ್ಲಿ, ಇಂಥದೇ ಗೆರೆ ಇರುತ್ತಿತ್ತು. ಮೇಸ್ತ್ರಿ ನಮ್ಮ ಎಳೆಗಣ್ಣಿಗೆ ಅದನ್ನು ಹುಡುಕಲು ಕೊಡುತ್ತಿದ್ದರು. ಒಣಗಿದ್ದಾಗ ಕಿಡಿ ಪ್ಲಗ್ಗಿಗೆ ಹೋಗುತ್ತದೆ. ತೇವವಾದರೆ ಗೆರೆಯ ಮೇಲೆ ಜಾರಿ ಕಬ್ಬಿಣ ಸೇರುತ್ತದೆ. ಇಂಜಿನ್ನಿನ ಬಿಸಿಗೆ ನೀರು ಆರಿದರೆ ಮತ್ತೆ ಎಲ್ಲ ಸರಿ.

ದೀಪವೇನೋ ಅರ್ಥವಾಯಿತು. ಅದು ಯಾಕೆ ಬಂತು ಎಂದು ಓದುತ್ತ ಹೋದಾಗ ಬೇರೆಯೇ ವಿಷಯ ಎದುರಾಯಿತು. ಅದು ಇಂಜಿನ್ನಿನ ಆರೋಗ್ಯಕ್ಕೆಂದು ಹುಟ್ಟಿದ ದೀಪವೇ ಅಲ್ಲ. ಲಾಸ್ ಏಂಜಲೀಸ್ ನಗರದ ಮೇಲೆ ಕವಿಯುತ್ತಿದ್ದ, ಕಣ್ಣು ಉರಿಸುವ ಮಂಜಿಗೆ ಕಾರಿನ ಹೊಗೆ ಹೇಗೆ ಕಾರಣ ಎಂದು 1950ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟವರು ಹಾಗೆನ್ ಸ್ಮಿಟ್ ಎಂಬ ರಸಾಯನ ವಿಜ್ಞಾನಿ. ಅದಕ್ಕೂ ಮೊದಲು ಅವರು ಅಧ್ಯಯನ ಮಾಡುತ್ತಿದ್ದದ್ದು ಅನಾನಸಿನ ಪರಿಮಳವನ್ನು! ಬನವಾಸಿಯ ಅನಾನಸು ತಿಂದು ಬೆಳೆದ ನನಗೆ ಈ ಮಾಹಿತಿ ಯಾಕೋ ಬಹಳ ಹಿಡಿಸಿತು. ಕ್ಯಾಲಿಫೋರ್ನಿಯಾ 1988ರ ಮಾಡೆಲ್ಲುಗಳಿಂದ, ಹೊಗೆ ನಿಯಂತ್ರಿಸುವ ಭಾಗ ಕೆಟ್ಟರೆ ಗಾಡಿಯೇ ತಿಳಿಸಬೇಕು ಎಂದು ಕಟ್ಟು ಮಾಡಿತು. ಇಂದಿನ ರೂಪದ ವ್ಯವಸ್ಥೆ 1996ರಿಂದ ಇಡೀ ಅಮೆರಿಕದ ಕಾರುಗಳಿಗೆ ಬಂತು. ನಮ್ಮಲ್ಲಿ ಅದರ ಮೊದಲ ಹಂತ 2010ರಲ್ಲಿ, ಎರಡನೆಯದು 2013ರಲ್ಲಿ. ಗಾಡಿ ಓಡಿಸುವವನಿಗೆ ಏನೂ ತೊಂದರೆ ಕಾಣದಿದ್ದರೂ ದೀಪ ಹತ್ತುವುದು ಇದಕ್ಕೇ. ಅದು ಹೇಳುತ್ತಿರುವುದು ಗಾಡಿಯ ಹಿಂದೆ ಇರುವವರ ಬಗ್ಗೆ.

ನಮ್ಮ ಗ್ಯಾರೇಜಿನಲ್ಲಿ ಗಾಡಿಯ ಹಿಂದೆ ಇದ್ದವನು ನಾನು.

ಡಾಕ್ಟರ ಫಿಯಟ್ಟಿನ ರಾತ್ರಿಯ ಉಳಿದ ಭಾಗ ಇದು. ಬಾಗಿಲು ಎಳೆದ ತಗಡಿನ ಶೆಡ್ಡು, ಒಳಗೆ ಓಡುತ್ತಿರುವ ಇಂಜಿನ್, ಸೈಲೆನ್ಸರಿನ ಬಾಯಿಗೆ ಮುಖ ಕೊಟ್ಟು ಕೂತ ಹುಡುಗ. ತಲೆ ಸಿಡಿಯತೊಡಗಿತ್ತು. ಹೊರಗೆ ಬಂದು ಚರಂಡಿಯ ಪಕ್ಕ ವಾಂತಿ ಮಾಡಿದೆ. ಮೇಸ್ತ್ರಿ ಮೂಸಿ ನೋಡಲು ನಿಂಬೆಹಣ್ಣು ಕೊಡಿಸಿದರು, ಹಸಿದ ಹೊಟ್ಟೆಗೆ ಹಾಗಾಗ್ತದೆ ಅಂದರು. ಅದು ಕಾರ್ಬನ್ ಮಾನಾಕ್ಸೈಡ್. ಐಡ್ಲಿಂಗಿನಲ್ಲಿ ನಿಂತ ಪೆಟ್ರೋಲ್ ಕಾರಿನ ಹೊಗೆಯಲ್ಲಿ ಅದು ಶೇಕಡಾ 3 ದಾಟಬಾರದು ಎಂಬ ನಿಯಮವೇ ನಮ್ಮಲ್ಲಿ ಬಂದದ್ದು 1989ರಲ್ಲಿ. ಆಗ ಅಳೆಯುವವರೂ ಇರಲಿಲ್ಲ, ಕೇಳುವವರೂ ಇರಲಿಲ್ಲ. ಇನ್ನು ಆ ಪೆಟ್ರೋಲು. ಟ್ಯಾಂಕಿನಿಂದ ರಬ್ಬರ್ ಪೈಪಿನಲ್ಲಿ ಬಾಯಿಂದ ಎಳೆದು ಉಗುಳುತ್ತಿದ್ದೆವು, ಅದರಲ್ಲೇ ಕೈ ತೊಳೆಯುತ್ತಿದ್ದೆವು. ಅದರಲ್ಲಿ ಸೀಸ ಬೆರೆಸಿರುತ್ತಿತ್ತು. ದೇಶದ ಎಲ್ಲ ಬಂಕುಗಳಲ್ಲೂ ಸೀಸದ ಪೆಟ್ರೋಲ್ ನಿಂತದ್ದು 2000ದ ಫೆಬ್ರುವರಿಯಲ್ಲಿ. ಬಾಲಕಾರ್ಮಿಕರ ಕಾಯ್ದೆ ಬಂದದ್ದು 1986ರಲ್ಲಿ, ಅಷ್ಟರಲ್ಲಿ ನಾನು ಕಾಲೇಜು ಸೇರಿದ್ದೆ.

ಮೇಸ್ತ್ರಿ ಕೆಟ್ಟವರಾಗಿರಲಿಲ್ಲ. ಹೊಗೆ ಅವರ ಮೂಗಿಗೂ ಹೋಗುತ್ತಿತ್ತು. ಆದರೆ ಸಂತರೂ ಆಗಿರಲಿಲ್ಲ. ಪಾನಾ ತಪ್ಪು ಸೈಜಿನದು ಕೊಟ್ಟರೆ ಅಣ್ಣನಿಗೆ ಹಿಂಬದಿ ಕೈಯಲ್ಲಿ ಬೀಳುತ್ತಿತ್ತು. ನನ್ನ ಮೈ ಮುಟ್ಟುತ್ತಿರಲಿಲ್ಲ, ಯಾಕೆಂದರೆ ನನ್ನಪ್ಪ ಬಂದು ಕೇಳಬಲ್ಲವರಾಗಿದ್ದರು. ಅವರ ಊಹೆಯೂ ಎಷ್ಟೋ ಸಲ ತಪ್ಪುತ್ತಿತ್ತು. ಒಬ್ಬ ಪ್ಲಾಂಟರರ ಜೀಪಿನ ಇಂಜಿನ್ ಪೂರ್ತಿ ಬಿಚ್ಚಿ ಹರಡಿದ ಮೇಲೆ, ತೊಂದರೆ ಇದ್ದದ್ದು ಸೀಮೆಎಣ್ಣೆ ಬೆರೆಸಿದ ಪೆಟ್ರೋಲಿನಲ್ಲಿ ಎಂದು ಗೊತ್ತಾಯಿತು; ಬಿಚ್ಚಿ ಜೋಡಿಸಿದ ಕೂಲಿಯನ್ನು ಮಾತ್ರ ಬಿಡಲಿಲ್ಲ. ಹಳೆಯ ಮೇಸ್ತ್ರಿಗಳು ಕಿವಿಯಲ್ಲೇ ಎಲ್ಲ ಹಿಡಿಯುತ್ತಿದ್ದರು, ಈಗಿನವರು ಕಂಪ್ಯೂಟರ್ ಇಲ್ಲದೆ ಏನೂ ಅರಿಯರು ಎಂದು ನನ್ನ ವಯಸ್ಸಿನವರು ಹೇಳುವಾಗ ಈಗ ನಾನು ತಲೆಯಾಡಿಸುವುದಿಲ್ಲ. ಕಂಪ್ಯೂಟರ್ ಬಂದದ್ದರಿಂದ ಒಬ್ಬ ಹುಡುಗನಾದರೂ ಸೈಲೆನ್ಸರ್ ಹಿಂದಿನಿಂದ ಎದ್ದ. ಮೇಸ್ತ್ರಿಯಿಂದ ಉಳಿಸಿಕೊಳ್ಳಬೇಕಾದದ್ದು ಆ ಪ್ರಶ್ನೆಗಳನ್ನು, ಮೂಗನ್ನೂ ಕಿವಿಯನ್ನೂ ಅಲ್ಲ. ದುರದೃಷ್ಟಕ್ಕೆ ಕೌಂಟರಿನಲ್ಲಿ ಬಿಟ್ಟುಕೊಟ್ಟದ್ದು ಅದೇ ಪ್ರಶ್ನೆಗಳನ್ನು.

ಕಾಯಿಲು ಬದಲಾಯಿಸಿದ ಮೇಲೆ ಅಣ್ಣನಿಗೆ ತಿಳಿಸಲು ಮತ್ತೆ ಫೋನ್ ಮಾಡಿದೆ. ಅವನು ಖುಷಿಯಲ್ಲಿದ್ದ. "ಮೇಸ್ತ್ರಿ ಇದ್ದಿದ್ರೆ ಫೋನಲ್ಲೇ ಹೇಳಿಬಿಡ್ತಿದ್ರು, ಸ್ಕ್ಯಾನರೂ ಬೇಡ ಎಂಥದೂ ಬೇಡ" ಅಂದ.

ನಾನು ಫಿಯಟ್ಟಿನ ರಾತ್ರಿಯನ್ನು ನೆನಪಿಸಿದೆ. ಬಾಗಿಲು ಮುಚ್ಚಿ ಇಂಜಿನ್ ಓಡಿಸಿದ್ದು, ನನ್ನ ವಾಂತಿ, ಸೀಸ, ಎಲ್ಲ. ಸಾಯಬಹುದಿತ್ತು ಅಣ್ಣ, ಇಬ್ಬರೂ, ಅಂದೆ. ನಿನ್ನನ್ನಂತೂ ಹೊಡೀತಿದ್ರು ಅಂತಲೂ ಅಂದೆ.

"ಹೊಡೀತಿದ್ರು," ಅಂದ. "ನಿಂಗೆ ಮನೇಲಿ ಅನ್ನ ಕಾದಿರ್ತಿತ್ತು ಮಾರಾಯ. ನಂಗೆ ರಾತ್ರಿ ಊಟ ಹಾಕ್ತಿದ್ದದ್ದು ಮೇಸ್ತ್ರಿ ಹೆಂಡ್ತಿ. ನೀ ನೋಡೋದು ನೀ ನೋಡು, ನಾ ನೋಡೋದು ನಾ ನೋಡ್ತೀನಿ." ಅವನ ಗ್ಯಾರೇಜಿನಲ್ಲಿ ಈಗ ಡಿಪ್ಲೊಮಾ ಮಾಡಿದವರಷ್ಟೇ ಇದ್ದಾರೆ, ಹೊಗೆ ಹೊರಗೆ ಎಳೆಯಲು ಪೈಪು ಹಾಕಿಸಿದ್ದಾನೆ ಅನ್ನುವುದು ನನಗೆ ಗೊತ್ತು. ಅದನ್ನು ಎತ್ತಿ ಅವನ ಮಾತಿಗೆ ಎದುರು ಹಾಕಲು ಬಾಯಿ ಬರಲಿಲ್ಲ.

"ಅದು ಬಿಡು, ಕಾಯಿಲಿಗೆ ಎಷ್ಟು ಕೊಟ್ಟೆ?"

ಹೇಳಿದೆ.

"ಅಯ್ಯೋ, ಚೆನ್ನಾಗಿ ಬೋಳಿಸಿದಾರೆ. ಪ್ಲಗ್ ಹೊಸದು ಹಾಕ್ಸಿದ್ಯಾ ಇಲ್ವಾ? ಇಲ್ದಿದ್ರೆ ಹೊಸ ಕಾಯಿಲೂ ಹೋಗ್ತದೆ. ನಾಲ್ಕೂ ಹಾಕ್ಸು, ಒಂದೇ ಹಾಕ್ಸ್ಬೇಡ."